ತಪ್ಪೇ ಮಾಡದ ಮಷಿನ್ ಮಾಸ್ತರ

ಕಂಪ್ಯೂಟರ್ ಪಾಠ ಹೇಳುವವರಿಗೆ ನಗಲು ಪುರಸೊತ್ತು ಇರುವುದಿಲ್ಲ. ಆದರೆ ನಗೆಗೆ ಮಾತ್ರ ನಮ್ಮನ್ನು ಹುಡುಕಿಕೊಂಡು ಬರಲು ಬೇಕಾದಷ್ಟು ಪುರಸೊತ್ತು ಇರುತ್ತದೆ. ನಾಲ್ಕು ದಿನ ಏನೂ ಆಗದೆ ಹೋದರೆ ನನಗೇ ಹೆದರಿಕೆ ಆಗುತ್ತದೆ, ಏನೋ ದೊಡ್ಡದು ಬರಲಿದೆ ಎಂದು.

ನಾನು ಸಿಂಧನೂರಿನ ಒಂದು ಕಾಲೇಜಿನಲ್ಲಿ ತಾತ್ಕಾಲಿಕ ಉಪನ್ಯಾಸಕಿ. ತಾತ್ಕಾಲಿಕ ಅಂದ ಕೂಡಲೇ ನಿನ್ನೆ ಮೊನ್ನೆ ಸೇರಿದವಳು ಎಂದು ತಿಳಿಯಬೇಡಿ. ನಾನು ಸೇರಿದ ವರ್ಷ ನೆಟ್ಟ ಬೇವಿನ ಸಸಿಯ ನೆರಳಲ್ಲಿ ಈಗ ಪ್ರಾಚಾರ್ಯರ ಕಾರು ನಿಲ್ಲುತ್ತದೆ. ಗಿಡ ಖಾಯಂ ಆಯಿತು, ನಾನು ಆಗಲಿಲ್ಲ.

ನಮ್ಮ ಆಡಳಿತ ಮಂಡಳಿಗೆ ಸಿಂಧನೂರು, ಮಸ್ಕಿ, ಲಿಂಗಸುಗೂರು ಮೂರೂ ಕಡೆ ಕಾಲೇಜುಗಳಿವೆ. ಅಧ್ಯಕ್ಷರದು ಅಕ್ಕಿ ಗಿರಣಿ. ಅವರು ಎಲ್ಲಿಂದಲೋ ಒಬ್ಬ ತಜ್ಞರನ್ನು ಹಿಡಿದು ತಂದರು. ತಜ್ಞರ ಸಂಶೋಧನೆ ಏನೆಂದರೆ, ಒಂದು ಪ್ರೋಗ್ರಾಂ ಸರಿಯೋ ತಪ್ಪೋ ಎಂದು ಅದನ್ನು ಓಡಿಸದೆಯೇ ಬರೀ ಗಣಿತದಿಂದ ಸಾಬೀತು ಮಾಡುವುದು. ಆ ವಿದ್ಯೆಯನ್ನು ಆನ್‌ಲೈನ್ ಪಾಠಕ್ಕೆ ಹಚ್ಚಿ ಅವರು ಒಂದು ವ್ಯವಸ್ಥೆ ಕಟ್ಟಿದ್ದರು. ಅದು ಮೊಬೈಲಿನಲ್ಲಿ ಪಾಠ ಹೇಳುತ್ತದೆ, ಲೆಕ್ಕ ಕೊಡುತ್ತದೆ, ಹುಡುಗರು ಬರೆದದ್ದನ್ನು ಓದುತ್ತದೆ, ಕನ್ನಡದಲ್ಲೇ ತಪ್ಪು ತೋರಿಸುತ್ತದೆ, ಕೊನೆಗೆ ಮಾರ್ಕ್ಸೂ ಹಾಕುತ್ತದೆ. ಚಹಾ ಕುಡಿಯುವುದಿಲ್ಲ, ರಜೆ ಕೇಳುವುದಿಲ್ಲ. ಹುಡುಗರು ಅದಕ್ಕೆ "ಮಷಿನ್ ಮಾಸ್ತರ" ಎಂದು ಹೆಸರಿಟ್ಟರು.

ಉದ್ಘಾಟನೆಯ ದಿನ ಅಧ್ಯಕ್ಷರು ಮೈಕಿನಲ್ಲೇ ಹೇಳಿಬಿಟ್ಟರು: "ಒಂದು ವರ್ಷ ನೋಡೂಣು. ಮಷಿನ್ ಬರೋಬರ್ ನಡೀತು ಅಂದ್ರ, ಈ ತಾತ್ಕಾಲಿಕ ಮಂದಿ ನಮಗ ಯಾಕ ಬೇಕು?"

ತಾತ್ಕಾಲಿಕ ಮಂದಿ ನಾವು ಹಿಂದಿನ ಸಾಲಿನಲ್ಲಿ ಮಿರ್ಚಿ ಭಜಿ ತಿನ್ನುತ್ತ ಕೂತಿದ್ದೆವು. ಕೈಯಲ್ಲಿದ್ದ ಭಜಿಯನ್ನು ತಟ್ಟೆಗೇ ವಾಪಸು ಇಟ್ಟೆವು. ಅಂದರೆ ಆ ವರ್ಷವಿಡೀ ನಮ್ಮ ಅನ್ನ ಒಂದು ಮಷಿನ್ನಿನ ಬಾಯಲ್ಲಿತ್ತು. ಆ ಮಷಿನ್ನಿಗೆ ಹುಡುಗರನ್ನು ಪರಿಚಯ ಮಾಡಿಸುವ ಕೆಲಸವೂ ನಮ್ಮದೇ.

ಪ್ರೂಫ್

ಮೊದಲ ವಾರ ತಜ್ಞರು ನಮ್ಮ ಕಾಲೇಜಿಗೆ ಬಂದು ಹುಡುಗರಿಗೆ ಭಾಷಣ ಮಾಡಿದರು. "ಇನ್ನು ಮುಂದೆ ಬರೀ ಪ್ರೋಗ್ರಾಂ ಬರೆದರೆ ಸಾಲದು. ಪ್ರತಿ ಪ್ರೋಗ್ರಾಮಿನ ಜೊತೆ ಪ್ರೂಫ್ ಕೊಡಬೇಕು. ಪ್ರೂಫ್ ಇಲ್ಲದ ಪ್ರೋಗ್ರಾಮನ್ನು ವ್ಯವಸ್ಥೆ ಸ್ವೀಕರಿಸುವುದಿಲ್ಲ."

ಅವರು ಹೇಳಿದ್ದು ಗಣಿತದ ಸಾಧನೆ. ಆದರೆ ನಮ್ಮ ಕಡೆ ಪ್ರೂಫ್ ಅಂದರೆ ಒಂದೇ ಅರ್ಥ. ಸಿಮ್ ಕಾರ್ಡಿಗೆ ಪ್ರೂಫ್, ಗ್ಯಾಸಿಗೆ ಪ್ರೂಫ್, ಸ್ಕಾಲರ್‌ಶಿಪ್ಪಿಗೆ ಪ್ರೂಫ್. ಮರುದಿನ ಇಡೀ ಕ್ಲಾಸು ಪ್ರೋಗ್ರಾಂ ಹಾಳೆಗೆ ಆಧಾರ್ ಕಾರ್ಡಿನ ಝೆರಾಕ್ಸ್ ಪಿನ್ ಹೊಡೆದುಕೊಂಡು ಬಂದಿತ್ತು. ಜಾಣ ಹುಡುಗರು ಜಾತಿ-ಆದಾಯ ಪ್ರಮಾಣಪತ್ರವನ್ನೂ ಸೇರಿಸಿದ್ದರು. ದಢೇಸುಗೂರಿನಿಂದ ಬರುವ ಒಬ್ಬ, ಬಸ್ಸಿನಲ್ಲಿ ಬಿಟ್ಟು ಬಂದೆ ಎಂದು ಅಳುವುದಕ್ಕೇ ಕೂತಿದ್ದ.

ತಜ್ಞರು ಆ ಹಾಳೆಗಳ ಗುಡ್ಡವನ್ನು ನೋಡಿ ನನ್ನ ಕಡೆ ತಿರುಗಿದರು. "ಏನು ಮೇಡಂ ಇದು?"

"ನೀವು ಕೇಳಿದ್ದು ಸರ್."

"ನಾನು ಕೇಳಿದ್ದು ಈ ಪ್ರೋಗ್ರಾಂ ಸರಿ ಇದೆ ಅನ್ನುವುದಕ್ಕೆ ಪ್ರೂಫ್."

ಅಷ್ಟರಲ್ಲಿ ಪ್ರಾಚಾರ್ಯರು ಬಂದರು. ಹಾಳೆಗಳನ್ನು ಒಂದೊಂದಾಗಿ ಎತ್ತಿ, ಕನ್ನಡಕ ಏರಿಸಿ ನೋಡಿದರು. ತಜ್ಞರ ಮುಖ ಸಪ್ಪಗಾದದ್ದು ಯಾಕೆಂದು ಅವರಿಗೆ ಕೂಡಲೇ ಹೊಳೆಯಿತು. ಹುಡುಗರನ್ನು ಗದರಿಸಿದರು: "ಲೇ, ಸಾಹೇಬ್ರು ಅಷ್ಟು ದೂರದಿಂದ ಬಂದಾರ, ಹಿಂಗ ಕೊಡ್ತೀರೇನು? ಎಲ್ಲಾ ಗೆಜೆಟೆಡ್ ಆಫೀಸರ್ ಸಹಿ ಹಾಕಿಸ್ಕೊಂಡ ಬರ್ರಿ!"

ಟೈಪ್

ವಾರದಲ್ಲಿ ಕೆಲವು ದಿನ ನನಗೆ ಮಸ್ಕಿ ಕಾಲೇಜಿನಲ್ಲಿ ಕ್ಲಾಸು. ಅಲ್ಲಿ ಮಷಿನ್ ಮಾಸ್ತರ ಎಲ್ಲರಿಗೂ ಒಂದೇ ಸಂದೇಶ ಕಳಿಸುತ್ತಿದ್ದ: "ಟೈಪ್ ದೋಷ. ಟೈಪ್ ಸರಿಪಡಿಸಿ." ಅಂಕಿಗೆ ಅಕ್ಷರವನ್ನು ಕೂಡಿಸಲು ಹೋದರೆ ಬರುವ ತಕರಾರು ಅದು. ಅಂಕಿಯೇ ಒಂದು ಟೈಪು, ಅಕ್ಷರವೇ ಒಂದು ಟೈಪು, ಎರಡನ್ನೂ ಕೂಡಿಸಲು ಬರುವುದಿಲ್ಲ ಎಂದು ಅದರ ಅರ್ಥ.

ಹುಡುಗರು ಬೇರೆಯೇ ಅರ್ಥ ಮಾಡಿಕೊಂಡು ಊರಿನ ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ಸೇರಿದರು. ಅದನ್ನು ನಡೆಸುತ್ತಿದ್ದವರು ಒಬ್ಬ ಹಿರಿಯ ಸಾಹೇಬರು. ಮುಚ್ಚಿಬಿಡಬೇಕು ಅಂದುಕೊಂಡಿದ್ದ ಅಂಗಡಿ ಒಮ್ಮೆಗೇ ತುಂಬಿದ್ದು ನೋಡಿ ಅವರಿಗೆ ಎಲ್ಲಿಲ್ಲದ ಹುರುಪು. ಹೊಡೆದು ಹೊಡೆದು ಕಲಿಸಿದರು. ಆದರೂ ಮೊಬೈಲಿನಲ್ಲಿ "ಟೈಪ್ ದೋಷ" ಬರುವುದು ನಿಲ್ಲಲಿಲ್ಲ. ಒಂದು ದಿನ ಸಾಹೇಬರೇ ಕೆರಳಿ ಒಬ್ಬ ಹುಡುಗಿಯನ್ನು ಕರೆದುಕೊಂಡು ಸ್ಟಾಫ್ ರೂಮಿಗೆ ಬಂದರು.

"ಮೇಡಂ, ಈಕಿ ಕಣ್ಣು ಕಟ್ಟಿ ಕುಂದ್ರಿಸಿದ್ರೂ ಒಂದ ಅಕ್ಷರ ಗಲತ್ ಹೊಡಿಯಾಕಿ ಅಲ್ಲ. ನನ್ನ ಉಮರ್ ಎಲ್ಲಾ ಇದರಾಗ ಹೋಗೈತಿ. ನಿಮ್ಮ ಮಷಿನ್ ನಮ್ಮ ಟೈಪಿನಾಗ ದೋಷ ಐತಿ ಅಂತೈತೇನು? ಕರೀರಿ ಅದನ್ನ, ನನ್ನ ಮುಂದ ಟೈಪ್ ಮಾಡಿ ತೋರಸ್ಲಿ!"

ಅವರನ್ನು ಸಮಾಧಾನ ಮಾಡಿ ಕಳಿಸುವಷ್ಟರಲ್ಲಿ ನನ್ನ ಒಂದು ಕ್ಲಾಸೇ ಮುಗಿದುಹೋಯಿತು. ತಜ್ಞರಿಗೆ ಫೋನ್ ಮಾಡಿ, "ಟೈಪ್ ಅನ್ನುವ ಶಬ್ದ ತೆಗೆದು ಅಚ್ಚ ಕನ್ನಡದ್ದು ಏನಾದರೂ ಹಾಕಿ" ಎಂದೆ. ಅವರು ಖುಷಿಯಿಂದ ಒಪ್ಪಿದರು. ಯಾವ ನಿಘಂಟು ತೆಗೆದರೋ ಏನೋ, ಮುಂದಿನ ಕ್ಲಾಸಿನಲ್ಲಿ ಹುಡುಗರೆಲ್ಲರ ಮೊಬೈಲಿಗೂ ಹೊಸ ಸಂದೇಶ ಬಂತು: "ಇವೆರಡರ ಜಾತಿ ಬೇರೆ ಬೇರೆ. ಕೂಡಿಸಲು ಅನುಮತಿ ಇಲ್ಲ."

ಹಿಂದಿನ ಬೆಂಚಿನಿಂದ ಒಬ್ಬಳು ಎದ್ದು ನಿಂತಳು. "ಮೇಡಂ, ಇಷ್ಟು ಹೇಳಾಕ ಅಷ್ಟು ದೂರದಿಂದ ಮಷಿನ್ ತರಸೂದು ಬೇಕಿತ್ತೇನ್ರಿ? ಇದು ನಮ್ಮೂರಾಗ ಸಾಲಿ ಕಲೀದವ್ರಿಗೂ ಬರತೈತಿ."

ಹಿಡಿಯದ ಅಪವಾದ

ಕನ್ನಡೀಕರಣದ ರುಚಿ ಹತ್ತಿದ ಮೇಲೆ ತಜ್ಞರು ಸುಮ್ಮನೆ ಕೂರಲಿಲ್ಲ. ಪ್ರೋಗ್ರಾಂ ನಡುವೆ ಎಡವಟ್ಟಾಗಿ ನಿಂತರೆ ಅದಕ್ಕೆ ಇಂಗ್ಲಿಷಿನಲ್ಲಿ ಎಕ್ಸೆಪ್ಷನ್ ಅನ್ನುತ್ತಾರೆ. ಆ ಎಡವಟ್ಟನ್ನು ಪ್ರೋಗ್ರಾಂ "ಎಸೆಯುತ್ತದೆ", ಬರೆದವರು ಅದನ್ನು "ಹಿಡಿಯಬೇಕು". ನಿಘಂಟಿನಲ್ಲಿ ಎಕ್ಸೆಪ್ಷನ್ನಿಗೆ ಅಪವಾದ ಎಂದಿದೆ. ವ್ಯಾಕರಣ ಓದಿದವರಿಗೆ ಅದು ಸರಿಯೇ. ಊರಿನಲ್ಲಿ ಬದುಕುವವರಿಗೆ ಅಪವಾದ ಅಂದರೆ ಏನು ಎಂದು ನಾನು ಹೇಳಬೇಕಾಗಿಲ್ಲ. ಸಾಲದ್ದಕ್ಕೆ ಪ್ರೋಗ್ರಾಂ ಎನ್ನುವುದನ್ನೂ ಬಿಡದೆ ಕಾರ್ಯಕ್ರಮ ಮಾಡಿದ್ದರು. ಅದೂ ಸಾಲದೆ, ಮಕ್ಕಳ ಪ್ರಗತಿ ತಂದೆ-ತಾಯಿಗೆ ತಿಳಿಯಲಿ ಎಂದು ಸಂದೇಶ ಮನೆಯವರ ಮೊಬೈಲಿಗೂ ಹೋಗುವಂತೆ ಏರ್ಪಾಡು ಮಾಡಿದ್ದರು.

ಒಂದು ದಿನ ಪಾಮನಕಲ್ಲೂರಿನಿಂದ ಒಬ್ಬ ವಿದ್ಯಾರ್ಥಿನಿಯ ತಂದೆ ಮಸ್ಕಿ ಕಾಲೇಜಿಗೆ ಬಂದರು. ಬಂದವರು ಒಬ್ಬರೇ ಅಲ್ಲ, ಹಿಂದೆ ಇನ್ನೂ ಕೆಲವು ಮೋಟಾರ್‌ಸೈಕಲ್ಲುಗಳು. ಮೊಬೈಲನ್ನು ನನ್ನ ಮುಖಕ್ಕೆ ಹಿಡಿದರು. ಅದರಲ್ಲಿ ಹೀಗಿತ್ತು: "ನಿಮ್ಮ ಮಗಳ ಕಾರ್ಯಕ್ರಮದಲ್ಲಿ ಅಪವಾದ ಎಸೆಯಲಾಗಿದೆ. ಅದನ್ನು ಯಾರೂ ಹಿಡಿದಿಲ್ಲ."

"ಮೇಡಂ, ಮೊದಲ ಇದು ಹೇಳ್ರಿ. ಯಾವ ಕಾರ್ಯಕ್ರಮ? ನಮಗ ಮಾಲೂಮಿಲ್ದಂಗ ಆಕಿ ಯಾವ ಕಾರ್ಯಕ್ರಮಕ್ಕ ಹೋಗಿದ್ಲು? ಎಸದಾಂವ ಯಾಂವ? ನೀವೆಲ್ಲಾ ಇಲ್ಲೇ ಇದ್ದೂ ಯಾರೂ ಹಿಡೀಲಿಲ್ಲ ಅಂದ್ರ ಏನರ್ಥ?"

"ಯಾರೂ ಎಸೆದಿಲ್ರಿ. ಅದನ್ನ ನಿಮ್ಮ ಮಗಳೇ..." ಎಂದು ನಾಲಿಗೆ ಕಚ್ಚಿಕೊಂಡೆ.

"ತನ್ನ ಮ್ಯಾಲ ತಾನ ಅಪವಾದ ಹಾಕ್ಕೊಂತಾಳೇನ್ರಿ? ಇಜ್ಜತ್ತಿನ ಮಾತೈತಿ ಇದು. ನಾಳಿಂದ ಕಾಲೇಜು ಬಂದ್. ಸಾಕು ಓದಿದ್ದು!"

ನನಗೆ ಅಲ್ಲಿಯತನಕ ನಗು ಬರುತ್ತಿತ್ತು, ಆ ಮಾತಿಗೆ ನಿಂತುಬಿಟ್ಟಿತು. ಕ್ಲಾಸಿನಲ್ಲೇ ಚುರುಕಿನ ಹುಡುಗಿ ಅವಳು. ಒಂದು ಕೆಟ್ಟ ಅನುವಾದಕ್ಕೆ ಅವಳ ಓದು ನಿಲ್ಲುವುದನ್ನು ನೋಡುತ್ತ ಕೂರಲಾದೀತೇ? ಅವಳನ್ನೇ ಕರೆಸಿದೆ. ಅವಳು ಬಂದು ಸಾವಧಾನವಾಗಿ ಹೇಳಿದಳು: "ಯಪ್ಪಾ, ಸೊನ್ನಿಯಿಂದ ಭಾಗಾಕಾರ ಮಾಡಿದ್ನಿ. ಹಂಗ ಮಾಡಬಾರದಂತ. ಅಷ್ಟ."

ಆ ಸೊನ್ನೆ ಯಾರದು, ಯಾವ ಊರಿನದು ಎಂದು ಒಂದಿಷ್ಟು ವಿಚಾರಣೆ ನಡೆಯಿತು. ಬೋರ್ಡಿನ ಮೇಲೆ ಬರೆದು ತೋರಿಸಿದೆ. ಏನೂ ತಿಳಿಯದಿದ್ದರೂ ಇನ್ನು ಕೇಳಲಿಕ್ಕೆ ನಾಚಿಕೆಯಾದವರು ತಲೆಯಾಡಿಸುತ್ತಾರಲ್ಲ, ಹಾಗೆ ತಲೆಯಾಡಿಸಿ ಎಲ್ಲರೂ ಹೋದರು. ಹುಡುಗಿಯ ಓದು ಉಳಿಯಿತು. ಮರುದಿನವೇ ಅವಳಿಗೆ ಎಕ್ಸೆಪ್ಷನ್ ಹಿಡಿಯುವ ಪಾಠ ಹೇಳಿಕೊಟ್ಟೆ. ಸಂಜೆ ಅವರಪ್ಪನ ಫೋನು ಬಂತು, ಹಿನ್ನೆಲೆಯಲ್ಲಿ ಮೋಟಾರ್‌ಸೈಕಲ್ಲುಗಳ ಸದ್ದು.

"ಮೇಡಂ, ಈಗ ಮೆಸೇಜ್ ಬಂತ್ರಿ. 'ನಿಮ್ಮ ಮಗಳು ಅಪವಾದವನ್ನು ಯಶಸ್ವಿಯಾಗಿ ಹಿಡಿದಿದ್ದಾಳೆ' ಅಂತ. ಶಾಬಾಷ್! ನಾವು ಬರಾಕತ್ತೀವಿ, ಅಲ್ಲೀತನಕ ಅವನ್ನ ಬಿಡಬ್ಯಾಡ್ರಿ!"

ಪ್ರಾಮಾಣಿಕ

ನಕಲು ಹಿಡಿಯುವುದಕ್ಕೂ ಮಷಿನ್ನಿನಲ್ಲಿ ಒಂದು ಉಪಾಯವಿತ್ತು. ತಜ್ಞರಿಗೆ ಅದರ ಮೇಲೆ ಬಹಳ ಅಭಿಮಾನ. "ಹುಡುಗರು ಹೆಸರು ಬದಲಿಸಿ, ಸಾಲು ಹಿಂದೆ ಮುಂದೆ ಮಾಡಿ ನಕಲು ಮಾಡುತ್ತಾರೆ. ನಮ್ಮ ವ್ಯವಸ್ಥೆ ಮೇಲಿನ ಬಣ್ಣ ನೋಡುವುದಿಲ್ಲ, ಒಳಗಿನ ಅರ್ಥ ನೋಡುತ್ತದೆ. ಎರಡು ಪ್ರೋಗ್ರಾಂಗಳ ಅರ್ಥ ಒಂದೇ ಎಂದು ಸಾಬೀತಾದರೆ, ನಕಲು!"

ಇದನ್ನು ಮೊದಲು ಲಿಂಗಸುಗೂರಿನಲ್ಲಿ ಹಚ್ಚಿದರು. ಮೂರು ಅಂಕಿಗಳಲ್ಲಿ ದೊಡ್ಡದು ಯಾವುದು ಎಂದು ಹುಡುಕುವ ಪ್ರೋಗ್ರಾಂ ಬರೆಯಿರಿ ಎಂದು ಲೆಕ್ಕ. ಫಲಿತಾಂಶ ಬಂತು. ಒಬ್ಬನನ್ನು ಬಿಟ್ಟು ಇಡೀ ಕ್ಲಾಸು ನಕಲು.

ಅಲ್ಲಿನ ಉಪನ್ಯಾಸಕ ಗೆಳೆಯರೊಬ್ಬರು, ಅವರೂ ನನ್ನ ಹಾಗೆ ತಾತ್ಕಾಲಿಕ, ತಲೆ ಮೇಲೆ ಕೈ ಹೊತ್ತು ತಜ್ಞರಿಗೆ ಹೇಳಿದರಂತೆ: "ಸರ್, ಮೂರರಾಗ ದೊಡ್ಡದು ಒಂದ ಇರತೈತಿ. ಬರೋಬರ್ ಬರದವ್ರದು ಎಲ್ಲಾರದೂ ಅರ್ಥ ಒಂದ ಆಗೂದಿಲ್ಲೇನ್ರಿ?" ತಜ್ಞರು, "ಆಸಕ್ತಿಕರ ಪ್ರಶ್ನೆ" ಎಂದು ಬರೆದುಕೊಂಡರಂತೆ. ದೊಡ್ಡವರು ಆಸಕ್ತಿಕರ ಪ್ರಶ್ನೆ ಅಂದರು ಎಂದರೆ ಉತ್ತರ ಬರುವುದಿಲ್ಲ ಎಂದೇ ತಿಳಿಯಬೇಕು.

ಸರಿಯಾಗಿ ಬರೆದವರಿಗೆಲ್ಲ ನೋಟಿಸು ಹೋಯಿತು. ಇಡೀ ಕ್ಲಾಸಿನಲ್ಲಿ ಒಬ್ಬನದು ಮಾತ್ರ ಬೇರೆ ಯಾರ ಪ್ರೋಗ್ರಾಂ ಜೊತೆಗೂ ಹೊಂದಲಿಲ್ಲ. ಹೊಂದುವುದು ಹೇಗೆ, ದೊಡ್ಡ ಅಂಕಿ ಕೇಳಿದರೆ ಅವನದು ಸಣ್ಣದನ್ನು ಕೊಡುತ್ತಿತ್ತು. ಮಷಿನ್ ಮಾಸ್ತರ ಅವನಿಗೆ "ಸಂಪೂರ್ಣ ಸ್ವಂತ ಕೃತಿ" ಎಂದು ಪ್ರಮಾಣಪತ್ರ ಕೊಟ್ಟ. ಅಲ್ಲಿನ ಪ್ರಾಚಾರ್ಯರು ಗಣರಾಜ್ಯೋತ್ಸವದ ದಿನ ಧ್ವಜ ಏರಿಸಿದ ಮೇಲೆ ಅವನನ್ನು ಕರೆದು, ಶಾಲು ಹೊದಿಸಿ, "ಇಂಥಾ ಪ್ರಾಮಾಣಿಕ ಹುಡುಗ ನಮ್ಮ ಕಾಲೇಜಿಗೆ ಹೆಮ್ಮೆ. ಎರಡು ಮಾತು ಆಡಪಾ" ಎಂದು ಮೈಕು ಕೊಟ್ಟರು.

ಹುಡುಗನಿಗೆ ಕಣ್ಣು ತುಂಬಿ ಬಂದಿತ್ತು. ಮೈಕು ಹಿಡಿದು ನಿಜವನ್ನೇ ಹೇಳಿದ: "ಈ ಸನ್ಮಾನ ನಂದಲ್ರಿ, ನನ್ನ ಬಾಜು ಕುಂದ್ರ ದೋಸ್ತಂದು. ಅವನದ ನೋಡಿ ಬರದಿದ್ನಿ. ಗಡಿಬಿಡ್ಯಾಗ ಒಂದ ಚಿಹ್ನಿ ಉಲ್ಟಾ ಬಿತ್ರಿ."

ಓಡಿಸಿ ನೋಡಿದ್ದು

ಇಷ್ಟೆಲ್ಲ ಆದ ಮೇಲೆ ಮಷಿನ್ನನ್ನು ಗಾಡಿಗೆ ಹೇರಿ ಕಳಿಸುತ್ತಾರೆ ಎಂದು ನೀವು ಅಂದುಕೊಂಡರೆ, ಆಡಳಿತ ಮಂಡಳಿ ಎಂದರೆ ಏನೆಂದು ನಿಮಗೆ ಗೊತ್ತಿಲ್ಲ. ತಂದದ್ದು ಅಧ್ಯಕ್ಷರು. ಅಂದ ಮೇಲೆ ಅದು ಸರಿಯಿರಲೇಬೇಕು.

ವರ್ಷದ ಕೊನೆಗೆ ಲಿಂಗಸುಗೂರಿನಲ್ಲಿ ಸಭೆ ಕರೆದರು. ಮೂರೂ ಕಾಲೇಜಿನ ತಾತ್ಕಾಲಿಕ ಉಪನ್ಯಾಸಕರು ಹಾಜರಿರಬೇಕು ಎಂದು ಆಜ್ಞೆ. ಬಸ್ಸಿನಲ್ಲಿ ನನ್ನ ಜೊತೆ ಸಿಂಧನೂರಿನ ಇಬ್ಬರಿದ್ದರು, ಮಸ್ಕಿಯಲ್ಲಿ ಇನ್ನೊಬ್ಬರು ಹತ್ತಿದರು. ಬೇರೆ ದಿನವಾಗಿದ್ದರೆ ಊರು ಬರುವತನಕ ಹರಟೆ ಹೊಡೆಯುತ್ತಿದ್ದೆವು. ಅವತ್ತು ಕಿಟಕಿ ನೋಡುತ್ತ ಕೂತೆವು. ಪಾಠ ಹೇಳುವುದು ಬಿಟ್ಟು ನನಗೆ ಬೇರೆ ಕೆಲಸ ಬರುವುದಿಲ್ಲ. ಹೊಸದಾಗಿ ಕಲಿಯುವ ವಯಸ್ಸೂ ದಾಟಿದೆ.

ಸಭೆಯಲ್ಲಿ ತಜ್ಞರು ಪರದೆಯ ಮೇಲೆ ಕೊನೆಯ ಪರೀಕ್ಷೆಯ ಫಲಿತಾಂಶ ಬಿಟ್ಟರು. ಕೊಟ್ಟ ಅಂಕಿಗಳನ್ನು ಸಣ್ಣದರಿಂದ ದೊಡ್ಡದಕ್ಕೆ ಸಾಲಾಗಿ ಜೋಡಿಸುವ ಲೆಕ್ಕ ಅದು. ಮೂರೂ ಕಾಲೇಜಿನ ಹುಡುಗರಿಗೆ ಪೂರ್ತಿ ನೂರಕ್ಕೆ ನೂರು. ಒಬ್ಬರೂ ಬಿಟ್ಟುಹೋಗಿರಲಿಲ್ಲ. ನಕಲು ಹಿಡಿಯುವ ಉಪಾಯವನ್ನು ಲಿಂಗಸುಗೂರಿನ ಸನ್ಮಾನದ ಮರುದಿನವೇ ತೆಗೆದುಹಾಕಿದ್ದರು.

ಅಧ್ಯಕ್ಷರು ಮೇಜು ಕುಟ್ಟಿದರು. "ಈ ಮಂದಿ ಇಷ್ಟು ವರ್ಷ ಪಾಠ ಹೇಳಿದ್ರು, ಎಂದರ ಹಿಂಗ ಬಂದಿತ್ತೇನ್ರಿ?" ಎಂದು ನಮ್ಮ ಸಾಲನ್ನು ನೋಡಿದರು. ನಾವು ನೆಲ ನೋಡಿದೆವು. ನಮ್ಮ ಪ್ರಾಚಾರ್ಯರು, ನನ್ನ ಜೊತೆ ದಿನಾ ಚಹಾ ಕುಡಿಯುವವರು, ನಮ್ಮನ್ನು ಬಿಡುಗಡೆ ಮಾಡುವ ಠರಾವನ್ನು ಓದಲು ಎದ್ದು ನಿಂತೇಬಿಟ್ಟರು. ಆ ಕ್ಷಣ ಅವರ ಮೇಲೆ ಬಂದ ಸಿಟ್ಟು ಇವತ್ತಿಗೂ ಪೂರ್ತಿ ಇಳಿದಿಲ್ಲ.

ನಮ್ಮನ್ನು ಉಳಿಸಿದ್ದು ಗಿರಣಿಯ ಅಭ್ಯಾಸ. ಅಧ್ಯಕ್ಷರು ಕೈ ಎತ್ತಿ ಪ್ರಾಚಾರ್ಯರನ್ನು ತಡೆದರು. "ನಿಂದರ್ರಿ. ಹೊಸಾ ಮಷಿನ್ ತಂದ್ರ ನಾವು ಒಂದ ಚೀಲ ಭತ್ತ ಹಾಕಿ ಓಡಿಸಿ ನೋಡ್ತೀವಿ. ಇದರಾಗೂ ಒಂದ ಓಡಿಸಿ ತೋರಸ್ರಿ."

ತಜ್ಞರಿಗೆ ಆ ಬೇಡಿಕೆ ಸ್ವಲ್ಪ ಅವಮಾನವೆನಿಸಿತು. "ಸರ್, ಓಡಿಸುವ ಅಗತ್ಯವೇ ಇಲ್ಲ. ಗಣಿತದಿಂದ ಸಾಬೀತಾಗಿದೆ."

"ಇರಲಿ, ಓಡಸ್ರಿ."

ಪಟ್ಟಿಯ ಮೊದಲ ಹೆಸರಿನ ಪ್ರೋಗ್ರಾಂ ತೆಗೆದು ಓಡಿಸಿದರು. ಪರದೆಯ ಮೇಲೆ ಒಂದು ಸಣ್ಣ ಚಕ್ರ ತಿರುಗತೊಡಗಿತು. ಎಲ್ಲರೂ ನೋಡಿದೆವು. ಚಕ್ರ ತಿರುಗಿತು. ಚಹಾ ಬಂತು, ಕುಡಿದೆವು, ಲೋಟ ಒಯ್ದರು. ಚಕ್ರ ತಿರುಗುತ್ತಲೇ ಇತ್ತು. ಕರೆಂಟಿನ ತೊಂದರೆ ಇರಬೇಕು ಎಂದು ನಮ್ಮ ಪ್ರಾಚಾರ್ಯರು ಹೋಗಿ ಸ್ವಿಚ್ಚು ಅಲ್ಲಾಡಿಸಿ ಬಂದರು. ತಜ್ಞರು ಎರಡನೆಯ ಹೆಸರು ತೆಗೆದರು, ಮೂರನೆಯದು ತೆಗೆದರು. ಎಲ್ಲದರಲ್ಲೂ ಅದೇ ಚಕ್ರ.

ಕೊನೆಗೆ ಅವರು ಒಳಗೆ ಏನು ಬರೆದಿದೆ ಎಂದು ಬಿಚ್ಚಿ ನೋಡಿದರು. ಜೋಡಿಸುವ ಕೆಲಸ ಎಲ್ಲೂ ಇರಲಿಲ್ಲ. ಎಲ್ಲರೂ ಬರೆದದ್ದು ಒಂದೇ: ಸುಮ್ಮನೆ ಸುತ್ತು ಹೊಡೆಯುತ್ತಿರು, ಯಾವತ್ತೂ ನಿಲ್ಲಬೇಡ.

"ಇದಕ್ಕ ನೂರಕ್ಕ ನೂರು ಹೆಂಗ ಕೊಡ್ತು?" ಎಂದರು ಅಧ್ಯಕ್ಷರು.

ತಜ್ಞರು ಬೆವರು ಒರೆಸಿಕೊಂಡರು. "ಸರ್, ನಮ್ಮ ವ್ಯವಸ್ಥೆ ಸಾಬೀತು ಮಾಡುವುದು ಇಷ್ಟು: ಪ್ರೋಗ್ರಾಂ ಮುಗಿದರೆ, ಅದು ಕೊಡುವ ಉತ್ತರ ಸರಿಯಾಗಿರುತ್ತದೆ. ಮುಗಿಯುತ್ತದೆಯೋ ಇಲ್ಲವೋ ಅನ್ನುವುದು ಬೇರೆ ಪ್ರಶ್ನೆ. ಅದು ಮುಂದಿನ ಹಂತದ ಸಂಶೋಧನೆ."

"ಅಂದ್ರ ಇದು ಎಂದೂ ಮುಗಿಯೂದಿಲ್ಲ."

"ಹೌದು ಸರ್. ಹಾಗಾಗಿ ಎಂದೂ ತಪ್ಪು ಉತ್ತರ ಕೊಡುವುದಿಲ್ಲ. ಸೈದ್ಧಾಂತಿಕವಾಗಿ ಪೂರ್ತಿ ಅಂಕ ಕೊಡಲೇಬೇಕು."

ನಮ್ಮ ಸಾಲಿನಲ್ಲಿ ಯಾರೋ ಕೆಮ್ಮಿದರು. ನಾನು ಸೆರಗು ಬಾಯಿಗೆ ಒತ್ತಿಕೊಂಡೆ. ಹುಡುಗರಲ್ಲಿ ಯಾರೋ ಒಬ್ಬರಿಗೆ ಈ ಗುಟ್ಟು ಹೊಳೆದು, ಸಿಂಧನೂರಿನಿಂದ ಲಿಂಗಸುಗೂರಿನತನಕ ಹಬ್ಬಿತ್ತು. ಅಷ್ಟು ಬುದ್ಧಿವಂತ ಮಕ್ಕಳಿಗೆ ನಾವು ಪಾಠ ಹೇಳಿದ್ದೇವೆ ಎಂದು ನನಗೆ ನಿಜವಾಗಿಯೂ ಹೆಮ್ಮೆಯಾಯಿತು.

ಆದರೆ ಅಧ್ಯಕ್ಷರು ತಮ್ಮ ಮಷಿನ್ನು ಸೋತಿತು ಎಂದು ಒಪ್ಪುವ ಹಾಗಿರಲಿಲ್ಲ. ನಮ್ಮನ್ನು ತೆಗೆಯುವ ಹಾಗೂ ಇರಲಿಲ್ಲ. ಠರಾವು ಕೈಯಲ್ಲಿ ಹಿಡಿದು ಅಷ್ಟೊತ್ತೂ ನಿಂತೇ ಇದ್ದ ಪ್ರಾಚಾರ್ಯರಿಗೆ ಒಂದು ದಾರಿ ಕಂಡಿತು. "ಸರ್, ಈ ತಾತ್ಕಾಲಿಕದವ್ರನ್ನ ಖಾಯಂ ಮಾಡಬೇಕೋ ಬ್ಯಾಡೋ ನೋಡಾಕ ನಮ್ಮದೊಂದು ಸಮಿತಿ ಐತಿ. ಇವ್ರನ್ನ ತಗೀಬೇಕೋ ಬ್ಯಾಡೋ ಅನ್ನೂದನ್ನೂ ಅದಕ್ಕ ಒಪ್ಪಿಸಿಬಿಡೂಣು. ವರದಿ ಬರೂತನಕ ಇದ್ದವ್ರು ಇದ್ದಂಗ ಇರಲಿ."

"ಅದ ಬರೋಬರ್" ಎಂದರು ಅಧ್ಯಕ್ಷರು. ಎಲ್ಲರೂ ಕೈ ಎತ್ತಿದರು.

ಆ ಸಮಿತಿ ನನಗೆ ಚೆನ್ನಾಗಿ ಗೊತ್ತು. ನಾನು ಸೇರಿದ ಮರುವರ್ಷ ಹುಟ್ಟಿದ್ದು. ವರ್ಷಕ್ಕೊಮ್ಮೆ ಕೂರುತ್ತದೆ, ಉಪ್ಪಿಟ್ಟು ತಿನ್ನುತ್ತದೆ, ಏಳುತ್ತದೆ. ಅದರ ಒಂದು ವರದಿಯನ್ನೂ ಕಂಡವರಿಲ್ಲ. ನಾವು ಖಾಯಂ ಆಗದೆ ಉಳಿದದ್ದು ಅದರ ದಯೆಯಿಂದಲೇ, ಈಗ ಕೆಲಸ ಉಳಿದದ್ದೂ ಅದರ ದಯೆಯಿಂದಲೇ. ನಗಬೇಕೋ ಅಳಬೇಕೋ ತಿಳಿಯದೆ ಕೂತಿದ್ದೆ.

ತಜ್ಞರಿಗೆ ಮಾತ್ರ ಸಮಾಧಾನವಿರಲಿಲ್ಲ. ತಮ್ಮ ಮಷಿನ್ನಿನ ಭವಿಷ್ಯವೂ ಆ ವರದಿಯಲ್ಲೇ ಇತ್ತಲ್ಲ. ಅನುಮಾನದಿಂದ ಕೇಳಿದರು: "ಈ ಸಮಿತಿಯನ್ನು ಎಷ್ಟರ ಮಟ್ಟಿಗೆ ನಂಬಬಹುದು ಸರ್?"

ಪ್ರಾಚಾರ್ಯರು ಎದೆಯುಬ್ಬಿಸಿ ಹೇಳಿದರು: "ಅದರ ಫಿಕರ್ ಬಿಡ್ರಿ ಸಾಹೇಬ್ರ. ಇವತ್ತಿನತನಕ ನಮ್ಮ ಸಮಿತಿ ಒಂದ ಒಂದು ತಪ್ಪು ವರದಿ ಕೊಟ್ಟಿಲ್ಲ!"